ಬ್ಯಾಂಡಿಗೆ ದುಡ್ಡು ಕೊಟ್ಟವರು ಯಾರು? – ಹ್ಯಾಲಿಫ್ಯಾಕ್ಸಿನಲ್ಲಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯನಿಗೆ, ಕೋಲಾರದಿಂದ ನಮಸ್ಕಾರಗಳು.

ನಿನ್ನ ಕಾಗದ ತಲುಪಿತು. ನೀನು ಮನೆ ಮಾಡಿಕೊಂಡಿರುವ ಹ್ಯಾಲಿಫ್ಯಾಕ್ಸಿನ ಮೇಲ್ಗಡೆ, ಕ್ವೀನ್ಸ್‌ಬರಿ ಎಂಬ ಗುಡ್ಡದ ಊರಿನಲ್ಲಿ, ಬ್ಲ್ಯಾಕ್ ಡೈಕ್ ಎಂಬ ಹಳೆಯ ಉಣ್ಣೆ ಗಿರಣಿಯ ಹೆಸರನ್ನು ಇಂದಿಗೂ ಹೊತ್ತ ಹಿತ್ತಾಳೆ ವಾದ್ಯಗಳ ಬ್ಯಾಂಡ್ ಒಂದಿದೆಯೆಂದೂ, ಅದರ ವಾದನವನ್ನು ಕೇಳಿದಾಗಿನಿಂದ ನಮ್ಮೂರಿನ ಮದುವೆ ಮೆರವಣಿಗೆಗಳ ಬ್ಯಾಂಡ್ ಸೆಟ್ಟಿಗೂ ಅದಕ್ಕೂ ಇರುವ ನಂಟೇನು ಎಂಬ ಪ್ರಶ್ನೆ ನಿನ್ನನ್ನು ಕಾಡುತ್ತಿದೆಯೆಂದೂ ಬರೆದಿದ್ದೀಯೆ. ಈ ವಾದ್ಯಗಳನ್ನು ನಮ್ಮವರಿಗೆ ಕಲಿಸಿದವರು ಯಾರು ಎಂಬುದು ನೀನು ಕೇಳಿರುವ ಪ್ರಶ್ನೆ. ಅದಕ್ಕೂ ಉತ್ತರ ಬರೆಯುತ್ತೇನೆ. ಆದರೆ ಹತ್ತೊಂಬತ್ತನೆಯ ಶತಮಾನದ ಊರ ಬ್ಯಾಂಡುಗಳ ಬಗ್ಗೆ ಓದುತ್ತ ಹೋದಂತೆ ನನಗೆ ಬೇರೆಯೇ ಎರಡು ಪ್ರಶ್ನೆಗಳು ಹೆಚ್ಚು ಮುಖ್ಯವೆನಿಸಿವೆ. ವಾದ್ಯ ಕೊಳ್ಳಲು ದುಡ್ಡು ಕೊಟ್ಟವರು ಯಾರು? ದಿನವಿಡೀ ಮಗ್ಗದ ಮುಂದೆ ನಿಂತವನಿಗೆ ಅದನ್ನು ನುಡಿಸುವ ಬಿಡುವು ಎಲ್ಲಿಂದ ಬಂತು? ಈ ಎರಡನ್ನು ಹಿಡಿದು ಹೊರಟರೆ ನಿನ್ನ ಗುಡ್ಡದ ಮೇಲಿನ ಬ್ಯಾಂಡೂ ನಮ್ಮ ಗಡಿಯಾರ ಗೋಪುರದ ಬಳಿ ಸಾಲುಗಟ್ಟಿ ನಿಲ್ಲುವ ಬ್ಯಾಂಡೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ವಾದ್ಯದ ವಿಷಯ. ನಮ್ಮ ದೇವಸ್ಥಾನಗಳ ಉತ್ಸವದಲ್ಲಿ ಊದುವ ಕೊಂಬನ್ನು ನೆನಪಿಸಿಕೋ. ಊದುವವನು ಎಷ್ಟೇ ನುರಿತವನಾಗಿರಲಿ, ಅದರಿಂದ ಹೊರಡುವುದು ಬೆರಳೆಣಿಕೆಯ ಸ್ವರಗಳು ಮಾತ್ರ: ಷಡ್ಜ, ಪಂಚಮ, ಮೇಲಿನ ಷಡ್ಜ, ಅದಕ್ಕೂ ಮೇಲೆ ಒಂದು ಗಾಂಧಾರ. ಕೊಳವೆಯ ಉದ್ದ ಬದಲಾಗದಿರುವ ತನಕ ಗಾಳಿ ಹೀಗೆ ಹಾರಿ ಹಾರಿಯೇ ಮೇಲೇರುತ್ತದೆ. ನಡುವಿನ ಸ್ವರಗಳು ಅದಕ್ಕೆ ಸಿಗುವುದಿಲ್ಲ. ಯುರೋಪಿನ ಟ್ರಂಪೆಟ್ಟು, ಬ್ಯೂಗಲ್ಲುಗಳ ಪಾಡೂ ಹದಿನೆಂಟನೆಯ ಶತಮಾನದ ಕೊನೆಯವರೆಗೆ ಇದೇ ಆಗಿತ್ತು. ಸೈನ್ಯಕ್ಕೆ ಸನ್ನೆ ಕೊಡಲು ಅಷ್ಟು ಸಾಕು. ಒಂದು ಹಾಡನ್ನು ನುಡಿಸಲು ಸಾಲದು. ಆದ್ದರಿಂದ 1800ರ ಸುಮಾರಿನ ಬ್ಯಾಂಡುಗಳಲ್ಲಿ ರಾಗದ ಹೊಣೆಯೆಲ್ಲ ಕ್ಲಾರಿನೆಟ್ಟು, ಕೊಳಲುಗಳ ಮೇಲೆ ಬೀಳುತ್ತಿತ್ತು. ಅವುಗಳ ರಂಧ್ರಗಳ ಮೇಲೆ ಎರಡೂ ಕೈಗಳ ಬೆರಳುಗಳನ್ನು ಹದವಾಗಿ ಆಡಿಸಬೇಕು, ಕ್ಲಾರಿನೆಟ್ಟಿನ ಬಾಯಿಯ ರೀಡನ್ನು, ಅಂದರೆ ಹುಲ್ಲುಕಡ್ಡಿಯ ತೆಳುಪಟ್ಟಿಯನ್ನು, ಜೋಪಾನ ಮಾಡಬೇಕು, ಮರದ ಮೈ ಬಿರುಕು ಬಿಡದಂತೆ ಕಾಯಬೇಕು. ಗಿರಣಿ ಕೆಲಸದಿಂದ ಬೆರಳು ಮರಗಟ್ಟಿದವನಿಗೆ ಇದು ಸುಲಭದ ವಿದ್ಯೆಯಲ್ಲ.

ಈ ಕೊರತೆಯನ್ನು ನೀಗಲು ಹಲವರು ಹಲವು ಬಗೆಯಲ್ಲಿ ಹೆಣಗಿದರು. ಡಬ್ಲಿನ್ನಿನ ಸೇನಾ ಬ್ಯಾಂಡ್ ಮಾಸ್ಟರ್ ಜೋಸೆಫ್ ಹ್ಯಾಲಿಡೇ 1810ರಲ್ಲಿ ಬ್ಯೂಗಲ್ಲಿನ ಮೈಯಲ್ಲಿ ರಂಧ್ರಗಳನ್ನು ಕೊರೆದು, ಅವುಗಳ ಮೇಲೆ ಮುಚ್ಚಳದಂಥ ಕೀಲಿಗಳನ್ನು ಕೂರಿಸಿ, ಅದಕ್ಕೆ ಪೇಟೆಂಟ್ ಪಡೆದ. ಅದೇ ತತ್ತ್ವದ ಮೇಲೆ ಪ್ಯಾರಿಸ್ಸಿನಲ್ಲಿ ಆಫಿಕ್ಲೈಡ್ ಎಂಬ ದಪ್ಪ ದನಿಯ ವಾದ್ಯ ಬಂತು. ಆದರೆ ಹಿತ್ತಾಳೆಯ ಕೊಳವೆಗೆ ರಂಧ್ರ ಕೊರೆದರೆ ಒಂದು ಸ್ವರ ತುಂಬು ದನಿಯಲ್ಲಿಯೂ ಇನ್ನೊಂದು ಬಡಕಲಾಗಿಯೂ ಹೊರಡುತ್ತದೆ. ನಿಜವಾದ ಪರಿಹಾರ ಸಿಕ್ಕಿದ್ದು ಜರ್ಮನ್ ನಾಡಿನಲ್ಲಿ. ಹೈನ್ರಿಶ್ ಸ್ಟೋಲ್ಟ್ಸೆಲ್ ಮತ್ತು ಫ್ರೀಡ್ರಿಶ್ ಬ್ಲ್ಯೂಮೆಲ್ ಎಂಬಿಬ್ಬರು ವಾದಕರು 1818ರಲ್ಲಿ ಬರ್ಲಿನ್ನಿನಲ್ಲಿ ವಾಲ್ವಿಗೆ ಪೇಟೆಂಟ್ ಪಡೆದರು. 1839ರಲ್ಲಿ ಪ್ಯಾರಿಸ್ಸಿನ ಪೆರಿನೆ ಅದಕ್ಕೆ ಇಂದು ನಾವು ಕಾಣುವ ಪಿಸ್ಟನ್ ರೂಪವನ್ನು ಕೊಟ್ಟ.

ಅದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ವಾಲ್ವನ್ನು ಒತ್ತಿದಾಗ ಗಾಳಿಯ ದಾರಿಗೆ ಒಂದು ತುಂಡು ಕೊಳವೆ ಹೆಚ್ಚುವರಿಯಾಗಿ ಸೇರಿಕೊಳ್ಳುತ್ತದೆ. ದಾರಿ ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಎರಡನೆಯ ವಾಲ್ವ್ ಒಂದು ಸ್ವರಸ್ಥಾನದಷ್ಟು, ಮೊದಲನೆಯದು ಎರಡು, ಮೂರನೆಯದು ಮೂರು ಸ್ವರಸ್ಥಾನಗಳಷ್ಟು ಸ್ವರವನ್ನು ಇಳಿಸುತ್ತದೆ. ಇವುಗಳನ್ನು ಬಿಡಿಯಾಗಿಯೂ ಕೂಡಿಸಿಯೂ ಒತ್ತಿದರೆ, ಏನೂ ಒತ್ತದ ಸ್ಥಿತಿಯೂ ಸೇರಿ, ಏಳು ಉದ್ದಗಳು ದೊರೆಯುತ್ತವೆ. ಪಂಚಮದಿಂದ ಕೆಳಗಿನ ಷಡ್ಜದವರೆಗೆ, ನಡುವೆ ಒಂದು ಸ್ವರಸ್ಥಾನವನ್ನೂ ಬಿಡದೆ ಇಳಿಯಲು ಅಷ್ಟೇ ಸಾಕು. ಅಂದರೆ ಬಲಗೈಯ ಮೂರು ಬೆರಳುಗಳಿಂದ, ಕೈಗವಸು ಹಾಕಿಕೊಂಡು ನುಡಿಸಿದರೂ ಅಡ್ಡಿಯಿಲ್ಲದಂತೆ, ಹನ್ನೆರಡೂ ಸ್ವರಸ್ಥಾನಗಳು ಒಬ್ಬ ಸಾಮಾನ್ಯ ಕೂಲಿಯವನ ಕೈಗೆ ಬಂದವು. ಮೂರು ವಾಲ್ವುಗಳನ್ನೂ ಒಟ್ಟಿಗೆ ಒತ್ತಿದಾಗ ಸ್ವರ ಕೊಂಚ ಏರುತ್ತದೆ ಎಂಬ ದೋಷ ಇದ್ದೇ ಇತ್ತು. ಅದನ್ನು ಸರಿಪಡಿಸುವ ಉಪಾಯವನ್ನು 1874ರಲ್ಲಿ ಲಂಡನ್ನಿನ ಬ್ಲೇಕ್ಲಿ ಕಂಡುಹಿಡಿದ. ಅಷ್ಟರಲ್ಲಿ ಊರೂರಿನ ಬ್ಯಾಂಡುಗಳು ಆ ದೋಷವನ್ನು ತುಟಿಯಿಂದಲೇ ತಿದ್ದಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದವು.

1840ರ ದಶಕದಲ್ಲಿ ಅಡಾಲ್ಫ್ ಸ್ಯಾಕ್ಸ್ ಇನ್ನೊಂದು ಹೆಜ್ಜೆ ಇಟ್ಟ. ಬೆಲ್ಜಿಯಮ್ಮಿನಿಂದ ಪ್ಯಾರಿಸ್ಸಿಗೆ ಬಂದು ನೆಲೆಸಿದ ಈ ವಾದ್ಯಗಾರನ ಹೆಸರು ಇಂದು ಸ್ಯಾಕ್ಸೋಫೋನಿನಿಂದಾಗಿ ಉಳಿದಿದೆ, ಆದರೆ ಊರ ಬ್ಯಾಂಡುಗಳಿಗೆ ಅವನು ಮಾಡಿದ ಉಪಕಾರ ಸ್ಯಾಕ್ಸ್‌ಹಾರ್ನ್. ಎತ್ತರದ ದನಿಯಿಂದ ಹಿಡಿದು ತೀರ ಮಂದ್ರದವರೆಗೆ ಒಂದೇ ಆಕಾರದ, ಒಂದೇ ಬೆರಳ ವಿನ್ಯಾಸದ ವಾದ್ಯಗಳ ಕುಟುಂಬವನ್ನೇ ಅವನು ಮಾಡಿಟ್ಟ. ಡಿಸ್ಟಿನ್ ಎಂಬ ವಾದಕರ ಕುಟುಂಬ 1844ರಲ್ಲಿ ಪ್ಯಾರಿಸ್ಸಿನಲ್ಲಿ ಇವುಗಳನ್ನು ಕಂಡು ಇಂಗ್ಲೆಂಡಿಗೆ ತಂದಿತು. ಬ್ರಿಟನ್ನಿನ ಬ್ಯಾಂಡುಗಳು ಇದಕ್ಕೆ ತಮ್ಮದೊಂದು ಜಾಣತನವನ್ನು ಸೇರಿಸಿದವು: ಬೇಸ್ ಟ್ರಾಂಬೋನ್ ಒಂದನ್ನು ಬಿಟ್ಟು ಉಳಿದ ಹಿತ್ತಾಳೆ ವಾದ್ಯಗಳಿಗೆಲ್ಲ ಒಂದೇ ರೀತಿಯ ಲಿಪಿಯಲ್ಲಿ ಸಂಗೀತ ಬರೆಯುವ ಪದ್ಧತಿ ಬೆಳೆಯಿತು. ಇದರ ಲಾಭವನ್ನು ಯೋಚಿಸು. ಒಬ್ಬನೇ ಮೇಷ್ಟ್ರು ಇಡೀ ತಂಡಕ್ಕೆ ಒಂದೇ ಕೋಣೆಯಲ್ಲಿ ಪಾಠ ಹೇಳಬಹುದು. ದಪ್ಪ ದನಿಯ ಯೂಫೋನಿಯಂ ನುಡಿಸುವವನು ಊರು ಬಿಟ್ಟು ಹೋದರೆ ಎತ್ತರದ ದನಿಯ ಕಾರ್ನೆಟ್ಟಿನವನು ಮರುದಿನವೇ ಅದನ್ನು ಎತ್ತಿಕೊಳ್ಳಬಹುದು. ತುಟಿಯ ಹಿಡಿತ ಬದಲಾಗಬೇಕೇ ಹೊರತು ಓದುವುದಾಗಲಿ ಬೆರಳಾಗಲಿ ಬದಲಾಗಬೇಕಿಲ್ಲ. ಪಾಳಿಯ ಮೇಲೆ ದುಡಿಯುವವರ, ಕೆಲಸ ಹುಡುಕಿಕೊಂಡು ಊರಿಂದೂರಿಗೆ ಹೋಗುವವರ ಬ್ಯಾಂಡಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಇರಲಾರದು.

ಇನ್ನು ದುಡ್ಡಿನ ವಿಷಯ. ನಿನ್ನ ನೆರೆಯ ಬ್ಯಾಂಡನ್ನೇ ತೆಗೆದುಕೊಳ್ಳೋಣ. 1816ರಲ್ಲಿ ಪೀಟರ್ ವಾರ್ಟನ್ ಎಂಬಾತ ಅಲ್ಲಿ ಒಂದು ಬ್ಯಾಂಡ್ ಕಟ್ಟಿದ. ಆಗ ಊರಿನ ಹೆಸರು ಕ್ವೀನ್ಸ್‌ಹೆಡ್. ಕ್ವೀನ್ಸ್‌ಬರಿ ಎಂದಾದದ್ದು 1863ರಲ್ಲಿ. ಆ ಮೊದಲ ಬ್ಯಾಂಡಿನಲ್ಲಿ ಹಿತ್ತಾಳೆಯ ಜೊತೆಗೆ ರೀಡ್ ವಾದ್ಯಗಳೂ ಇದ್ದವು. ಊರಿನ ಆ ಹಳೆಯ ಬ್ಯಾಂಡಿನಲ್ಲಿ ಫ್ರೆಂಚ್ ಹಾರ್ನ್ ನುಡಿಸುತ್ತಿದ್ದ ಜಾನ್ ಫಾಸ್ಟರ್ ಮುಂದೆ ಬ್ಲ್ಯಾಕ್ ಡೈಕ್ ಗಿರಣಿಯ ಒಡೆಯನಾದ, ಆಲ್ಪಕಾ ಮತ್ತು ಮೊಹೇರ್ ಎಂಬ ಉಣ್ಣೆಗಳ ಬಟ್ಟೆಯಿಂದ ದೊಡ್ಡ ಶ್ರೀಮಂತನಾದ. ಊರ ಬ್ಯಾಂಡ್ ಸೊರಗಿದಾಗ, 1855ರಲ್ಲಿ, ಅವನ ಗಿರಣಿ ಅದನ್ನು ವಹಿಸಿಕೊಂಡಿತು: ಹೊಸ ವಾದ್ಯಗಳು, ಅಭ್ಯಾಸಕ್ಕೆ ಕೋಣೆ, ಕಲಿಸಲು ಮೇಷ್ಟ್ರು, ಗಿರಣಿಯಲ್ಲೇ ನೇಯ್ದ ಬಟ್ಟೆಯ ಸಮವಸ್ತ್ರ. ವಾದಕರು ಗಿರಣಿಯ ಕೆಲಸಗಾರರೇ. ಇದನ್ನು ಒಡೆಯನ ಸಂಗೀತಪ್ರೇಮವೆಂದು ಬರೆಯುವವರಿದ್ದಾರೆ. ಫಾಸ್ಟರನ ಮಟ್ಟಿಗೆ ಅದರಲ್ಲಿ ಸ್ವಲ್ಪ ನಿಜವೂ ಇದೆ, ಅವನು ತಾನೇ ಊದಿದವನು. ಆದರೆ ಆ ದಶಕಗಳಲ್ಲಿ ಗಿರಣಿ ಒಡೆಯರಿಗೆ ಕೆಲಸಗಾರರ ಸಂಜೆಯ ಹೊತ್ತಿನ ಬಗ್ಗೆ ಇದ್ದ ಭಯವನ್ನು ಮರೆಯಬಾರದು. ಸಂಜೆ ಹೆಂಡದಂಗಡಿಯಲ್ಲಿ ಕುಳಿತವರು ಕುಡಿಯಬಹುದು, ಇಲ್ಲವೇ ಚಾರ್ಟಿಸ್ಟರ ಮಾತು ಕೇಳಿ ಮತದಾನದ ಹಕ್ಕಿಗಾಗಿ ಸಭೆ ಸೇರಬಹುದು. ಕಾರ್ನೆಟ್ ಹಿಡಿದು ಅಭ್ಯಾಸದ ಕೋಣೆಯಲ್ಲಿ ಕುಳಿತವನಿಂದ ಅಂಥ ತೊಂದರೆಯಿಲ್ಲ, ಮೇಲಾಗಿ ಅವನು ಬಹುಮಾನ ಗೆದ್ದಾಗ ಪತ್ರಿಕೆಯಲ್ಲಿ ಅಚ್ಚಾಗುವುದು ಗಿರಣಿಯ ಹೆಸರು.

ವೇಲ್ಸ್ ನಾಡಿನ ಮರ್ಥರ್ ಟಿಡ್ವಿಲ್ಲಿನಲ್ಲಿ ಕಬ್ಬಿಣದ ಕುಲುಮೆಗಳ ಒಡೆಯ ರಾಬರ್ಟ್ ಥಾಂಪ್ಸನ್ ಕ್ರಾಶೇ 1838ರಲ್ಲೇ ಕಟ್ಟಿದ ಕಿವಾರ್ಥ್ವ ಬ್ಯಾಂಡ್ ಇದಕ್ಕಿಂತ ಠೀವಿಯದು. ಹೊರಗಿನಿಂದ ನುರಿತ ವಾದಕರನ್ನು ಕರೆಸಿ ತಂಡವನ್ನು ಬಲಪಡಿಸಿದ ಅವನ ಬ್ಯಾಂಡ್ ಅರಸನೊಬ್ಬನ ಆಸ್ಥಾನ ವಾದ್ಯವೃಂದಕ್ಕೇ ಹೆಚ್ಚು ಹತ್ತಿರ. ಅವರು ನುಡಿಸುತ್ತಿದ್ದ ಕೈಬರಹದ ಸಂಗೀತ ಹಾಳೆಗಳು ಉಳಿದು ಬಂದಿವೆ. ಎಷ್ಟು ಕಠಿಣವಾದ ಸಂಗೀತವನ್ನು ಅವರು ನಿಭಾಯಿಸುತ್ತಿದ್ದರೆಂಬುದು ಅವುಗಳಿಂದ ತಿಳಿಯುತ್ತದೆ.

ಆದರೂ ಫಾಸ್ಟರ್, ಕ್ರಾಶೇಯಂಥ ಪೋಷಕರು ಸಿಕ್ಕಿದ್ದು ಕೆಲವೇ ಬ್ಯಾಂಡುಗಳಿಗೆ. ಹೆಚ್ಚಿನವು ಊರವರ ವಂತಿಗೆಯಿಂದ ಹುಟ್ಟಿದವು, ಸಾಲದಲ್ಲಿ ಬೆಳೆದವು. ಒಂದು ಬ್ಯಾಂಡಿಗೆ ಬೇಕಾದ ವಾದ್ಯಗಳ ಸಂಪೂರ್ಣ ಜೊತೆಯ ಬೆಲೆ ಯಾವ ನೇಕಾರನ ಕೈಗೂ ಎಟುಕುವಂಥದಲ್ಲ. ಡಿಸ್ಟಿನ್, ಬೂಸಿ, ಬೆಸ್ಸನ್ ಮುಂತಾದ ತಯಾರಕರು ಪೂರ್ತಿ ಜೊತೆಯನ್ನು ಕಂತಿನ ಮೇಲೆ ಕೊಡುತ್ತಿದ್ದರು. ಊರಿನ ಒಬ್ಬಿಬ್ಬರು ಸ್ಥಿತಿವಂತರು ಜಾಮೀನು ನಿಲ್ಲುತ್ತಿದ್ದರು. ಆಮೇಲೆ ವರ್ಷಗಟ್ಟಲೆ ಮನೆಮನೆಯ ಮುಂದೆ ನುಡಿಸಿ ಚಂದಾ ಎತ್ತುವುದು, ಕ್ರಿಸ್ಮಸ್ಸಿನ ಬೆಳಗಿನ ಜಾವದಲ್ಲಿ ಬೀದಿ ಸುತ್ತುವುದು, ತೋಟಗಾರಿಕೆ ಪ್ರದರ್ಶನಕ್ಕೂ ಶಾಲೆಯ ಮೆರವಣಿಗೆಗೂ ಹೋಗುವುದು, ಸ್ಪರ್ಧೆಯ ಬಹುಮಾನವನ್ನು ಕಂತಿಗೆ ಕಟ್ಟುವುದು. ಕೆಲವು ಬ್ಯಾಂಡುಗಳು ಹೆಂಡದಂಗಡಿಯ ಮಹಡಿಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ಕೆಲವು ಮದ್ಯಪಾನ ವಿರೋಧಿ ಸಂಘಗಳ ಆಶ್ರಯದಲ್ಲಿದ್ದವು. 1859ರಲ್ಲಿ ಫ್ರಾನ್ಸಿನ ದಾಳಿಯ ಭೀತಿಯಿಂದ ಸ್ವಯಂಸೇವಕ ಸೈನ್ಯದ ತುಕಡಿಗಳು ಊರೂರಿನಲ್ಲಿ ಎದ್ದಾಗ ಎಷ್ಟೋ ಬ್ಯಾಂಡುಗಳು ಇಡಿಯಾಗಿ ಅವುಗಳಿಗೆ ಸೇರಿಕೊಂಡವು. ಇದನ್ನು ದೇಶಭಕ್ತಿಯೆಂದು ಕರೆಯಲು ನನಗೆ ಮನಸ್ಸಿಲ್ಲ. ತುಕಡಿ ಸೇರಿದರೆ ಸಮವಸ್ತ್ರ ಸಿಗುತ್ತಿತ್ತು, ವಾದ್ಯದ ಖರ್ಚಿನಲ್ಲಿ ಒಂದು ಪಾಲು ಸಿಗುತ್ತಿತ್ತು. ತಲೆಯ ಮೇಲೆ ಸಾಲವಿದ್ದವರು ಇನ್ನೇನು ಮಾಡಿಯಾರು?

ಬಿಡುವಿನ ಕಥೆ ಚಿಕ್ಕದು. 1850ರ ಕಾರ್ಖಾನೆ ಕಾಯ್ದೆ ಹೆಂಗಸರೂ ಎಳೆಯರೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ನಂತರ ದುಡಿಯಕೂಡದೆಂದು ವಿಧಿಸಿತು. ಅವರಿಲ್ಲದೆ ಜವಳಿ ಗಿರಣಿ ನಡೆಯುವುದಿಲ್ಲವಾದ್ದರಿಂದ ಗಂಡಸರಿಗೂ ಶನಿವಾರದ ಅರ್ಧ ದಿನ ಬಿಡುವಾಯಿತು. ಅದೇ ಹೊತ್ತಿಗೆ ರೈಲುದಾರಿಗಳು ಗಿರಣಿ ಊರುಗಳನ್ನೆಲ್ಲ ಒಂದಕ್ಕೊಂದು ಹೆಣೆದಿದ್ದವು. ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಬ್ಯಾಂಡ್ ಇರಲಿಲ್ಲ, ರೈಲು ಹಾಕಿದವರ ಮನಸ್ಸಿನಲ್ಲಿಯೂ ಇರಲಿಲ್ಲ.

ಈ ಎರಡರ ಲಾಭವನ್ನೂ ಸ್ಪಷ್ಟವಾಗಿ ಕಂಡವನು ಹಲ್ ಪಟ್ಟಣದ ಎಂಡರ್ಬಿ ಜಾಕ್ಸನ್. ಸ್ಪರ್ಧೆ ಏರ್ಪಡಿಸುವುದು, ಅದಕ್ಕೆಂದೇ ರೈಲು ಕಂಪನಿಗಳಿಂದ ಅಗ್ಗದ ದರದ ವಿಶೇಷ ಗಾಡಿಗಳನ್ನು ಹೊರಡಿಸುವುದು, ಬ್ಯಾಂಡಿನ ಜೊತೆಗೆ ಇಡೀ ಊರೇ ಗಾಡಿ ಹತ್ತುವಂತೆ ಮಾಡುವುದು ಅವನ ಉಪಾಯ. ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ 1853ರ ಸೆಪ್ಟೆಂಬರಿನಲ್ಲಿ ಎಂಟು ಬ್ಯಾಂಡುಗಳ ನಡುವೆ ದೊಡ್ಡ ಸ್ಪರ್ಧೆ ನಡೆದಾಗ ಗೆದ್ದದ್ದು ಮಾಸ್ಲಿ ಎಂಬ ಊರಿನ ಮದ್ಯವಿರೋಧಿ ಬ್ಯಾಂಡ್. ಅವರ ಕೈಯಲ್ಲಿದ್ದದ್ದು ಸ್ಯಾಕ್ಸ್‌ಹಾರ್ನುಗಳು. ಆಮೇಲೆ ಉಳಿದ ಊರುಗಳು ತಮ್ಮ ಹಳೆಯ ಕೀಲಿ ಬ್ಯೂಗಲ್ಲುಗಳನ್ನೂ ಆಫಿಕ್ಲೈಡುಗಳನ್ನೂ ಬದಲಾಯಿಸಿಕೊಳ್ಳತೊಡಗಿದವು, ಮತ್ತೆ ಹೊಸ ಸಾಲ ಮಾಡಿದವು ಎಂದು ಬೇರೆ ಹೇಳಬೇಕಿಲ್ಲ. 1860ರ ಜುಲೈ 10 ಮತ್ತು 11ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಜಾಕ್ಸನ್ ನಡೆಸಿದ ಸ್ಪರ್ಧೆಗೆ ಹೆಚ್ಚಾಗಿ ಉತ್ತರದ ಊರುಗಳಿಂದ ಬಂದ ವಾದಕರು ಸಾವಿರಕ್ಕೂ ಹೆಚ್ಚು; ಅವರೆಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ನುಡಿಸಿದ್ದೂ ಆಯಿತು. ಮೊದಲ ದಿನದ ಬಹುಮಾನ ನಿನ್ನ ನೆರೆಯವರಿಗೆ, ಎರಡನೆಯ ದಿನದ್ದು ಕಿವಾರ್ಥ್ವಕ್ಕೆ.

ಈ ಸ್ಪರ್ಧೆಗಳ ಒಂದು ಪದ್ಧತಿ ನನಗೆ ಬಹಳ ಹಿಡಿಸಿದೆ. ತೀರ್ಪುಗಾರರನ್ನು ಮುಚ್ಚಿದ ಡೇರೆಯೊಳಗೆ ಕೂರಿಸುತ್ತಾರೆ. ಹೊರಗೆ ನುಡಿಸುತ್ತಿರುವವರು ಯಾವ ಊರಿನವರು, ಯಾವ ಒಡೆಯನ ಕಡೆಯವರು ಎಂಬುದು ಅವರಿಗೆ ಕಾಣುವುದಿಲ್ಲ, ಕಿವಿಗೆ ಬಿದ್ದದ್ದಕ್ಕೆ ಮಾತ್ರ ಅಂಕ. ನಮ್ಮ ಜಿಲ್ಲೆಯ ಹರಿಕಥೆ, ಭಜನೆ, ನಾಟಕಗಳ ಸ್ಪರ್ಧೆಗಳಲ್ಲಿ ತೀರ್ಪುಗಾರರ ಪಕ್ಕದಲ್ಲೇ ಸ್ಥಳೀಯ ಮುಖಂಡರು ಕುರ್ಚಿ ಹಾಕಿಸಿಕೊಂಡು ಕೂರುವುದನ್ನು ನೋಡಿದಾಗಲೆಲ್ಲ ನನಗೆ ಆ ಡೇರೆಯ ನೆನಪಾಗುತ್ತದೆ.

ಸ್ಪರ್ಧೆಯ ಒತ್ತಡ ಬ್ಯಾಂಡಿನ ಆಕಾರವನ್ನೂ ಗಟ್ಟಿಮಾಡಿತು. ಮ್ಯಾಂಚೆಸ್ಟರಿನ ಹ್ಯಾಲೆ ವಾದ್ಯವೃಂದದಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ಜಾನ್ ಗ್ಲ್ಯಾಡ್ನಿ ಹಡರ್ಸ್‌ಫೀಲ್ಡಿನ ಬಳಿಯ ಮೆಲ್ತಮ್ ಮಿಲ್ಸ್ ಬ್ಯಾಂಡನ್ನು ತಿದ್ದಿ, 1876, 1877 ಮತ್ತು 1878ರಲ್ಲಿ ಸತತವಾಗಿ ಬೆಲ್ ವ್ಯೂ ಬಹುಮಾನ ಗೆಲ್ಲಿಸಿದ. ಅವನ ತಂಡದ ವಿನ್ಯಾಸವನ್ನು ಎಲ್ಲರೂ ಅನುಸರಿಸಿದರು: ರಾಗವನ್ನು ಎತ್ತಿ ಹಿಡಿಯುವ ಕಾರ್ನೆಟ್ಟುಗಳು, ನಡುವೆ ಸ್ವರಮೇಳ ತುಂಬುವ ಟೆನರ್ ಹಾರ್ನ್ ಮತ್ತು ಬ್ಯಾರಿಟೋನುಗಳು, ಯೂಫೋನಿಯಂ, ಟ್ರಾಂಬೋನುಗಳು, ಕೆಳಗೆ ಆಧಾರಕ್ಕೆ ಬೇಸುಗಳು, ಒಟ್ಟು ಇಪ್ಪತ್ತನಾಲ್ಕರ ಆಸುಪಾಸು. ನುಡಿಸುತ್ತಿದ್ದದ್ದು ಹೆಚ್ಚಾಗಿ ವರ್ದಿ, ದೊನಿಜೆಟ್ಟಿ, ಮೇಯರ್‌ಬೇರರ ಸಂಗೀತ ನಾಟಕಗಳಿಂದ ಆಯ್ದು ಹೆಣೆದ ಭಾಗಗಳು. ಎಡ್ವಿನ್ ಸ್ವಿಫ್ಟ್ ಎಂಬ ಇನ್ನೊಬ್ಬ ಪ್ರಸಿದ್ಧ ನಿರ್ದೇಶಕ ಜವಳಿ ಗಿರಣಿಯ ಕೆಲಸದಿಂದ ಮೇಲೆ ಬಂದವನು. ಸಂಗೀತ ನಾಟಕದ ರಂಗಮಂದಿರದ ಮೆಟ್ಟಿಲನ್ನೂ ಹತ್ತಲಾಗದ ನೇಕಾರರಿಗೆ ವರ್ದಿಯ ಹಾಡುಗಳು ಬಾಯಿಪಾಠವಾದದ್ದು ಇಂಥವರ ಕೈಯಲ್ಲಿ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮ ಜಿಲ್ಲೆಯವರಿಗೆ ಇಲ್ಲಿ ಒಂದು ಸುಲಭದ ಊಹೆ ಹೊಳೆಯುತ್ತದೆ, ನಿನಗೂ ಹೊಳೆದಿದೆ: ಚಿನ್ನದ ಗಣಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೋಲಾರದ ಗಣಿ ಪ್ರದೇಶಕ್ಕೆ ಕಾಲಿಟ್ಟ ಮೇಲೆ ಕಾರ್ನ್‌ವಾಲಿನ ಗಣಿಗಾರರು ಅಲ್ಲಿಗೆ ಬಂದರು. ತಮ್ಮ ನಾಡಿನ ತಾಮ್ರದ ಗಣಿಗಳು ಬೆಲೆ ಕುಸಿದು ಮುಚ್ಚಿಹೋಗಿದ್ದರಿಂದ ಲೋಕದ ಮೂಲೆಮೂಲೆಗೂ ಹೊರಟವರು ಅವರು. ಅವರು ಬಿಟ್ಟು ಬಂದ ಊರುಗಳಲ್ಲಿ ಒಂದಾದ ಕ್ಯಾಂಬೋರ್ನಿನ ಬ್ಯಾಂಡ್ ತನ್ನ ಹುಟ್ಟನ್ನು 1841ಕ್ಕೆ ಎಣಿಸುತ್ತದೆ. ಆದ್ದರಿಂದ ಅವರೇ ನಮಗೆ ಬ್ಯಾಂಡ್ ತಂದರೆಂದು ಹೇಳಿಬಿಡಲು ಮನಸ್ಸಾಗುತ್ತದೆ. ಇಸವಿಗಳು ಇದಕ್ಕೆ ಒಪ್ಪುವುದಿಲ್ಲ. ಗಣಿ ಆರಂಭವಾಗುವುದಕ್ಕೆ ಎಂಬತ್ತು ವರ್ಷ ಮೊದಲೇ ದಕ್ಷಿಣದ ಸಂಗೀತಗಾರರ ಕಿವಿಗೆ ಇಂಗ್ಲಿಷ್ ಬ್ಯಾಂಡ್ ಬಿದ್ದಾಗಿತ್ತು, ಮತ್ತು ಬಿದ್ದದ್ದು ಸೈನ್ಯದ ಕಡೆಯಿಂದ.

ಮುತ್ತುಸ್ವಾಮಿ ದೀಕ್ಷಿತರು ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ತಂದೆ ರಾಮಸ್ವಾಮಿ ದೀಕ್ಷಿತರೊಡನೆ ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ, ಅವರ ಪೋಷಕರಾದ ಮುದಲಿಯಾರರು ಈಸ್ಟ್ ಇಂಡಿಯಾ ಕಂಪನಿಯ ದುಬಾಷಿಗಳಾಗಿದ್ದರು. ಅವರ ಮೂಲಕವೇ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡ್ ಕೇಳುವ ಅವಕಾಶ ದೀಕ್ಷಿತರಿಗೆ ದೊರೆಯಿತು. ಆ ಧಾಟಿಗಳಿಗೆ ಅವರು ಹೊಂದಿಸಿದ ಸುಮಾರು 40 ಸಂಸ್ಕೃತ ರಚನೆಗಳೇ ನಮ್ಮ ಮಕ್ಕಳು ಇಂದೂ ಕಲಿಯುವ ನೊಟ್ಟುಸ್ವರಗಳು. ಅವೆಲ್ಲ ಶಂಕರಾಭರಣದಲ್ಲಿವೆ, ಏಕೆಂದರೆ ಬ್ಯಾಂಡ್ ನುಡಿಸುತ್ತಿದ್ದ ಧಾಟಿಗಳ ಸ್ವರಶ್ರೇಣಿ ಅದೇ. 'ಸಂತತಂ ಪಾಹಿಮಾಂ' ಎಂಬುದನ್ನು ಸಂಗೀತ ಪಾಠದಲ್ಲಿ ಹಾಡುವ ಮಗು ಇಂಗ್ಲೆಂಡಿನ ರಾಜಗೀತೆಯ ಧಾಟಿಯಲ್ಲಿ ದೇವಿಯನ್ನು ಸ್ತುತಿಸುತ್ತಿರುತ್ತದೆ. ತಂಜಾವೂರಿನ ಸರಫೋಜಿ ಮಹಾರಾಜರ ಆಸ್ಥಾನದಲ್ಲಿ ಪಾಶ್ಚಾತ್ಯ ಬ್ಯಾಂಡ್ ಇತ್ತು. ಆ ಪರಿಸರದಲ್ಲೇ ಮಹಾದೇವ ನಟ್ಟುವನಾರರು ಕ್ಲಾರಿನೆಟ್ಟನ್ನು ನಾಟ್ಯಮೇಳಕ್ಕೆ ತಂದರು.

ನಮ್ಮ ಸೀಮೆಗೆ ಹತ್ತಿರದ ಸೈನ್ಯವೆಂದರೆ ಬೆಂಗಳೂರಿನ ದಂಡು. ಶ್ರೀರಂಗಪಟ್ಟಣದ ಮಲೇರಿಯಾಕ್ಕೆ ಹೆದರಿ ಬ್ರಿಟಿಷರು 1809ರಲ್ಲಿ ಬೆಂಗಳೂರಿಗೆ ಪಾಳೆಯ ಬದಲಿಸಿದರು. ಪಾಳೆಯವಿದ್ದಲ್ಲಿ ಬ್ಯಾಂಡ್ ಇರುತ್ತದೆ, ಬ್ಯಾಂಡಿನಲ್ಲಿ ನುಡಿಸುವವರು ಬೇಕು. ಈ ನುಡಿಸುವವರ ವಿಷಯದಲ್ಲಿ ಕಂಪನಿ ಸರ್ಕಾರ 1795ರಲ್ಲಿ ಮಾಡಿದ ಒಂದು ಕಟ್ಟಳೆ ಗಮನಿಸತಕ್ಕದ್ದು: ತಂದೆತಾಯಿಗಳಲ್ಲಿ ಒಬ್ಬರು ಯುರೋಪಿಯನ್ನರಲ್ಲದಿದ್ದರೂ ಅಂಥವರು ಕಂಪನಿಯ ಸೈನ್ಯದಲ್ಲಿ ಸೇರುವಂತಿಲ್ಲ, ಆದರೆ ಕೊಳಲು ಊದುವವರು, ಡೋಲು ಬಡಿಯುವವರು, ಬ್ಯಾಂಡ್ ನುಡಿಸುವವರು, ಕುದುರೆಗೆ ಲಾಳ ಕಟ್ಟುವವರು ಆಗಬಹುದು. ಹೀಗೆ ಆಂಗ್ಲೋ ಇಂಡಿಯನ್ನರೂ, ಅವರ ಜೊತೆಗೆ ನಮ್ಮ ನಾಡಿನ ಬಡ ಹುಡುಗರೂ ಬ್ಯಾಂಡಿಗೆ ಸೇರಿದರು. ಕಲಿಸಿದವರು ಯಾರು ಎಂದು ಕೇಳಿದೆಯಲ್ಲ, ಉತ್ತರ ಇದು: ಕಲಿಸಿದವರು ದಂಡಿನ ಬ್ಯಾಂಡ್ ಮಾಸ್ಟರುಗಳು; ಕಲಿತವರು ಬಂದೂಕು ಹಿಡಿಯಲು ಬಿಡದೆ ತುತ್ತೂರಿ ಹಿಡಿಸಲ್ಪಟ್ಟವರು. ಅಂಥವರು ನೌಕರಿ ಮುಗಿದ ಮೇಲೆ ಪೇಟೆಗಳಲ್ಲಿ ತಂಡ ಕಟ್ಟಿಕೊಂಡು ಮದುವೆಗಳಿಗೆ ನುಡಿಸತೊಡಗಿದ್ದು ಇಡೀ ಭಾರತದ ಕಥೆ. ಇಂದು ನಮ್ಮ ದೇಶದ ಬ್ಯಾಂಡ್ ವಾದ್ಯಗಳ ದೊಡ್ಡ ಮಾರುಕಟ್ಟೆಯಾಗಿರುವ ಮೀರತ್ತಿನಲ್ಲಿ ಸೈನ್ಯದ ಬ್ಯಾಂಡಿನ ನಾದಿರ್ ಅಲಿ 1885ರಲ್ಲಿ ತಮ್ಮ ತಂಡವನ್ನು ಆರಂಭಿಸಿದ್ದೂ ಹೀಗೆಯೇ. ನಮ್ಮ ಸಂಸ್ಥಾನದಲ್ಲಿ 1868ರಲ್ಲಿ ಮೈಸೂರು ಅರಮನೆಯ ಬ್ಯಾಂಡ್ ಶುರುವಾಯಿತು. ದಸರಾ ಮೆರವಣಿಗೆಯಲ್ಲಿ ಅದನ್ನು ಕಂಡ ಊರುಗಳ ಸಾಹುಕಾರರಿಗೆ ತಮ್ಮ ಮನೆಯ ಮದುವೆಗೂ ಅಂಥದೇ ಬೇಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ವಾದ್ಯಗಳು ಬಂದವೇ ಹೊರತು ಅಲ್ಲಿನ ಬ್ಯಾಂಡ್ ಬರಲಿಲ್ಲ. ನಾನು ಈ ಕಾಗದವನ್ನು ಇಷ್ಟು ಉದ್ದ ಬರೆಯಲು ಕಾರಣವೇ ಇದು. ನಿನ್ನ ಗುಡ್ಡದ ಮೇಲಿನ ಬ್ಯಾಂಡಿನಲ್ಲಿ ಸುಮಾರು ಅರ್ಧದಷ್ಟು ಮಂದಿಯ ಕೆಲಸ ನಡುವಿನ ಸ್ವರಮೇಳ ತುಂಬುವುದು. ನಮ್ಮ ಸಂಗೀತಕ್ಕೆ ಆ ನಡುವೇ ಬೇಡ. ರಾಗದ ಒಂದು ಎಳೆ, ಕೆಳಗೆ ಶ್ರುತಿ, ಪಕ್ಕದಲ್ಲಿ ತಾಳ, ಇಷ್ಟಾದರೆ ಅದು ಪೂರ್ಣ. ಆದ್ದರಿಂದ ಟೆನರ್ ಹಾರ್ನ್ ನಮ್ಮ ಬ್ಯಾಂಡ್ ಸೆಟ್ಟುಗಳಲ್ಲಿ ನೆಲೆಯೂರಲಿಲ್ಲ. ಅಲ್ಲಿ ಒಳದನಿಯನ್ನು ನುಡಿಸುವ ಯೂಫೋನಿಯಂ ಇಲ್ಲಿ ಟ್ರಂಪೆಟ್ಟು ನುಡಿಸುವ ಹಾಡನ್ನೇ ಒಂದು ಸ್ಥಾಯಿ ಕೆಳಗೆ ನುಡಿಸುತ್ತದೆ. ಅಲ್ಲಿ ಸ್ಪರ್ಧೆಯ ಬ್ಯಾಂಡುಗಳಿಂದ ಹೊರಗುಳಿದ ಕ್ಲಾರಿನೆಟ್ ಇಲ್ಲಿ ಯಜಮಾನನ ಸ್ಥಾನಕ್ಕೇರಿತು. ಅದಕ್ಕೂ ಕಾರಣ ವಾಲ್ವೇ. ವಾಲ್ವ್ ಒತ್ತಿದರೆ ಸ್ವರ ಒಂದು ಸ್ಥಾನದಿಂದ ಇನ್ನೊಂದಕ್ಕೆ ನೆಗೆಯುತ್ತದೆ. ನಡುವಿನ ಜಾರು, ತೋಡಿಯ ಗಾಂಧಾರದ ತೂಗಾಟ, ಅದಕ್ಕೆ ಕಷ್ಟ. ಕ್ಲಾರಿನೆಟ್ಟಿನ ರಂಧ್ರದಿಂದ ಬೆರಳನ್ನು ನಿಧಾನವಾಗಿ ಸರಿಸಿ, ತುಟಿಯ ಒತ್ತಡವನ್ನು ಹದಗೊಳಿಸಿ, ನಾಗಸ್ವರದವನಂತೆ ಗಮಕ ತೆಗೆಯಬಹುದು. ಗಿರಣಿಯ ನೇಕಾರನಿಗೆ ವರವಾದದ್ದೇ ನಮ್ಮ ವಾದಕನಿಗೆ ತೊಡಕಾಯಿತು.

ಎರಡನೆಯ ವ್ಯತ್ಯಾಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅಲ್ಲಿನವನು ಹೊಟ್ಟೆಪಾಡಿಗೆ ನೇಯ್ದ, ಸಂಜೆ ನುಡಿಸಿದ. ಬ್ಯಾಂಡಿಗೆ ಊರಿನ ಹೆಸರಿತ್ತು. ಗೆದ್ದರೆ ಊರು ಗೆದ್ದಂತೆ. ಇಲ್ಲಿ ಓಲಗ ಊದುವುದೂ ತಮಟೆ ಬಡಿಯುವುದೂ ಹುಟ್ಟಿನಿಂದ ಹೊರಿಸಿದ ಕಸುಬುಗಳಾಗಿದ್ದ ಸಮಾಜಕ್ಕೆ ಬ್ಯಾಂಡ್ ಬಂತು, ಅದೂ ಕೂಲಿಯ ಕಸುಬೇ ಆಯಿತು. ವಾದ್ಯಗಳು ಮಾಲೀಕನವು, ಮುಂಗಡ ಪಡೆಯುವವನು ಅವನು, ವಾದಕರಿಗೆ ರಾತ್ರಿಯ ಲೆಕ್ಕದಲ್ಲಿ ಬಟವಾಡೆ. ಆಷಾಢ ಬಂದರೆ ಅದೂ ಇಲ್ಲ, ಸುಣ್ಣ ಬಳಿಯುವುದೋ ಮೂಟೆ ಹೊರುವುದೋ ಗತಿ. ಸೆಟ್ಟಿನ ಹೆಸರು ಮಾಲೀಕನದು ಇಲ್ಲವೇ ಅವನ ಮನೆದೇವರದು. ಇಷ್ಟೊಂದು ದೇವಸ್ಥಾನಗಳಿಗೂ ಸಂಘಗಳಿಗೂ ಚಂದಾ ಎತ್ತುವ ನಮ್ಮ ಕೋಲಾರ ಪಟ್ಟಣ ತನ್ನದೇ ಹೆಸರಿನ ಒಂದು ಬ್ಯಾಂಡಿಗೆಂದು ಚಂದಾ ಎತ್ತುವ ಮಾತನ್ನು ಯಾರ ಬಾಯಿಂದಲೂ ನಾನು ಕೇಳಿಲ್ಲ. ಇಲ್ಲಿನ ವಾದಕರ ಕೈಯಲ್ಲಿ ಕಸುಬು ಕಡಿಮೆಯಿಲ್ಲ. ಹಾಳೆ ನೋಡದೆ, ನೂರಾರು ಚಿತ್ರಗೀತೆಗಳನ್ನೂ ದೇವರನಾಮಗಳನ್ನೂ, ಆಟೋ ಹಾರ್ನು, ಪಟಾಕಿ, ಧ್ವನಿವರ್ಧಕಗಳ ನಡುವೆ, ನಡೆಯುತ್ತಲೇ ನುಡಿಸುವವರು ಅವರು. ಗ್ಲ್ಯಾಡ್ನಿಯ ಶಿಷ್ಯರಿಗೆ ಅದು ಸಾಧ್ಯವಾಗುತ್ತಿತ್ತೇ ಎಂಬುದು ನನ್ನ ಅನುಮಾನ. ಅವರಿಗೆ ಸಿಗದೆ ಹೋದದ್ದು ಜಾಮೀನು ನಿಲ್ಲುವ ಊರು, ಮತ್ತು ಬೇರೆ ಕೆಲಸದ ಸಂಬಳದಿಂದ ಹೊಟ್ಟೆ ತುಂಬಿದ ಮೇಲೆ ಉಳಿಯುವ ಶನಿವಾರದ ಅರ್ಧ ದಿನ.

ನಿನ್ನಿಂದ ಒಂದು ಕೆಲಸ ಆಗಬೇಕು. ಆ ಬ್ಯಾಂಡಿನವರು ಅಭ್ಯಾಸದ ಕೋಣೆಗೆ ಹೊರಗಿನವರನ್ನು ಬಿಡುತ್ತಾರಾದರೆ ಒಂದು ಸಂಜೆ ಹೋಗಿ, ಟೆನರ್ ಹಾರ್ನ್ ನುಡಿಸುವವರೊಬ್ಬರನ್ನು ಕೇಳಿ, ಅವರ ಭಾಗವನ್ನು ಮಾತ್ರ ಬಿಡಿಯಾಗಿ ನುಡಿಸಿಸಿ ಮೊಬೈಲಿನಲ್ಲಿ ಮುದ್ರಿಸಿಕೊಂಡು ಕಳಿಸು. ಇಲ್ಲಿ ನನಗೆ ಪರಿಚಯವಿರುವ ಕ್ಲಾರಿನೆಟ್ ವಾದಕರೊಬ್ಬರಿಗೆ ಈ ಒಳದನಿಯ ವಿಷಯ ಹೇಳಿದಾಗ, ಹಾಡೇ ಇಲ್ಲದ ಪಾಲನ್ನು ಒಬ್ಬ ಮನುಷ್ಯ ಜೀವಮಾನವಿಡೀ ಹೇಗೆ ನುಡಿಸುತ್ತಾನೆ, ಅವನಿಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದರು. ಈ ಪ್ರಶ್ನೆಯನ್ನೂ ಆ ಹಾರ್ನಿನವರಿಗೆ ನನ್ನ ಪರವಾಗಿ ಕೇಳು, ಅವರು ಕೊಟ್ಟ ಉತ್ತರವನ್ನು ಇದ್ದದ್ದು ಇದ್ದ ಹಾಗೆ ಬರೆ.

ಮನೆಯವರಿಗೂ ಮಕ್ಕಳಿಗೂ ನನ್ನ ಆಶೀರ್ವಾದಗಳನ್ನು ತಿಳಿಸು.

ಇಂತಿ ನಿನ್ನ ಗೆಳೆಯ,
ಕೋಲಾರ